ಬಾಣಂತಿ ಬುತ್ತಿ ಬಾಗಿಲಿಗೇ ಹೋಗಬೇಕು

ಹಳೇ ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಹದಿನೆಂಟು ವರ್ಷದಿಂದ ಗಲ್ಲೆ ಮೇಲೆ ನಾನೇ ಕೂರುತ್ತೇನೆ. ಯಾರ ಮನೆಯಲ್ಲಿ ಏನು ನಡೆದಿದೆ ಅಂತ ಉದ್ರಿ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಮಗಳ ಹೆರಿಗೆ ಹತ್ತಿರ ಬಂದವರು ಅಂಟು, ಒಣ ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಒಯ್ಯುತ್ತಾರೆ. ಅಂಟಿನುಂಡಿ ಕಟ್ಟೋಕೆ. ಕೈಯಲ್ಲಿ ದುಡ್ಡಿಲ್ಲದವರು ಅಂಟಿನ ರೇಟು ಕೇಳುತ್ತಾರೆ, ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಾರೆ, ಆಮೇಲೆ ಅರ್ಧ ಕೇಜಿ ಬೆಲ್ಲ ಅಷ್ಟೇ ಕಟ್ಟಿಸಿಕೊಂಡು ಹೋಗುತ್ತಾರೆ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗಿ ಬಂದಳು. ಇಪ್ಪತ್ತರ ಆಸುಪಾಸು. ಹಿಂದಿನ ಓಣಿಯಲ್ಲಿ ಒಂದೇ ಖೋಲಿ ಬಾಡಿಗೆ ಹಿಡಿದಿದ್ದಾರೆ. ಗಂಡ ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ. ಹಳೇ ಸೀರೆಯಲ್ಲಿ ಸುತ್ತಿದ ಕೂಸು ತೋಳಲ್ಲಿತ್ತು. ಹತ್ತು ರೂಪಾಯಿ ಹಾಲಿನ ಪುಡಿ ಪಾಕೀಟು ಕೇಳಿದಳು.

"ಚಹಾಕ್ಕೇನವ್ವಾ?" ಅಂದೆ.

"ಇಲ್ರಿ ಅಕ್ಕಾರ, ಕೂಸಿಗೆ. ನನ್ನ ಹಾಲು ಸಾಲವಲ್ದು."

ಕೂಸಿಗೆ ಆಗ ಇಪ್ಪತ್ತೆರಡು ದಿನ. ಮುಂಜಾನೆಯಿಂದ ಏನು ಉಂಡಿ ಅಂತ ಕೇಳಿದೆ. ಚಹಾ, ಎರಡು ಟೋಸ್ಟ್ ಅಂದಳು. ಆಗ ಮಧ್ಯಾಹ್ನ ಎರಡು ಹೊಡೆದಿತ್ತು.

ಪುಡಿ ಕೊಡಲಿಲ್ಲ. ಒಳಗೆ ಕರೆದು ಅಕ್ಕಿ ಚೀಲದ ಮೇಲೆ ಕೂರಿಸಿದೆ. ನನ್ನ ಡಬ್ಬಿಯಲ್ಲಿ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಇತ್ತು. ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ರೊಟ್ಟಿ. ಒಂದೇ ಕೈಯಿಂದ ರೊಟ್ಟಿ ಮುರಿಯೋಕೆ ಆಗದೆ, ತಟ್ಟೆಗೆ ಒತ್ತಿ ಹಿಡಿದು ಮುರಿಯುತ್ತಿದ್ದಳು. ಕೂಸನ್ನು ಕೊಡು ಅಂತ ನಾನು ಕೈ ಚಾಚಿದೆ. ಅದು ಎಷ್ಟು ಹಗುರ ಇತ್ತು ಅಂದ್ರೆ, ನಾನು ದಿನಾ ತೂಗುವ ಬೇಳೆ ಪಾಕೀಟು ನೆನಪಾಯಿತು. ಆ ತೂಕ ಇವತ್ತಿಗೂ ನನ್ನ ಕೈ ಮರೆತಿಲ್ಲ.

ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ ಜಾಸ್ತಿ ಬೇಕು. ನಮ್ಮ ಲೆಕ್ಕದಲ್ಲಿ ಒಂದು ಹೊತ್ತಿನ ಪೂರ್ತಿ ಊಟ. ಅರೆಹೊಟ್ಟೆ ಉಂಡ ತಾಯಿಗೂ ಹಾಲು ಬರುತ್ತದೆ, ಕೂಸು ಚೀಪಿದಷ್ಟೂ ಬರುತ್ತದೆ. ಆದರೆ ಅದು ಬರೋದು ಅವಳ ಮೈ ಸವೆಸಿಕೊಂಡು. ತಲೆ ತಿರುಗುತ್ತದೆ, ಕೂತಲ್ಲಿಂದ ಏಳೋಕೆ ಆಗಲ್ಲ, ಹಾಲು ಸಾಲುತ್ತಿಲ್ಲ ಅನ್ನುವ ಭಯ ಶುರುವಾಗುತ್ತದೆ. ಭಯಕ್ಕೆ ಬಾಟಲಿ ಬರುತ್ತದೆ. ಬಾಟಲಿ ಬಂದರೆ ಕೂಸು ಚೀಪೋದು ಕಡಿಮೆ, ಚೀಪೋದು ಕಡಿಮೆ ಆದರೆ ಹಾಲೂ ಕಡಿಮೆ. ನಳದ ನೀರಲ್ಲಿ ತೆಳ್ಳಗೆ ಕಲಸಿದ ಪುಡಿಯಿಂದ ಭೇದಿ ಹಿಡಿದರೆ ಮುಂದಿನದು ನಿಮಗೇ ಗೊತ್ತು.

ಸರ್ಕಾರ ಏನೂ ಕೊಡಲ್ಲ ಅಂತ ಸುಮ್ನೆ ಬೈಯುವವಳು ನಾನಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದ ತುಂಬ ಮಾತೃಪೂರ್ಣ ಶುರುವಾಯಿತು. ಬಸುರಿಗೆ, ಹೆರಿಗೆ ಆದ ಆರು ತಿಂಗಳವರೆಗೆ ಬಾಣಂತಿಗೆ, ತಿಂಗಳಿಗೆ 25 ದಿನ ಅಂಗನವಾಡಿಯಲ್ಲಿ ಬಿಸಿಯೂಟ. ಅನ್ನ, ಸಾರು, ಪಲ್ಯ, ಬೇಯಿಸಿದ ಮೊಟ್ಟೆ, 200 ಎಂಎಲ್ ಹಾಲು, ಶೇಂಗಾ ಚಿಕ್ಕಿ. ಇಷ್ಟು ಚೆಂದದ ಯೋಚನೆ ಮಾಡಿದವರಿಗೆ ಕೈ ಮುಗಿಯಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಜನರಿಗೆ ರಕ್ತ ಕಡಿಮೆ. ಅಂಥವರಿಗೆ ಆ ಮೊಟ್ಟೆ, ಆ ಹಾಲು ಎಷ್ಟು ದೊಡ್ಡದು ಅಲ್ವಾ?

ಮರುದಿನವೇ ಆ ಹುಡುಗಿಯನ್ನು ಅಂಗನವಾಡಿಗೆ ಕರೆದುಕೊಂಡು ಹೋದೆ. ಟೀಚರ್ ಒಳ್ಳೆಯವರು, ಅಲ್ಲೇ ಹೆಸರು ಹಚ್ಚಿಕೊಂಡರು. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳಿದರು. ಆಗ ಪೂರ್ತಿ ಕಥೆ ಗೊತ್ತಾಯಿತು.

ಅವಳ ತವರು ಗದಗ ಜಿಲ್ಲೆಯ ರೋಣದ ಕಡೆ. ತಾಯಿ ಇಲ್ಲ. ಹೀಗಾಗಿ ಬಾಣಂತನಕ್ಕೆ ಕರೆಯುವವರಿಲ್ಲ. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಲ್ಲಿ, ಸವಣೂರು ತಾಲೂಕಿನ ಒಂದು ಹಳ್ಳಿ. ರೇಷನ್ ಕಾರ್ಡೂ ಅಲ್ಲೇ, ಅತ್ತೆ ಹೆಸರಲ್ಲಿ. ಸೊಸೆ ಹೆಸರು ಅದಕ್ಕೆ ಇನ್ನೂ ಸೇರಿಲ್ಲ. ಅಕ್ಕಿ ಅಲ್ಲಿ ಬರುತ್ತದೆ, ಗೃಹಲಕ್ಷ್ಮಿಯ 2000 ರೂಪಾಯಿ ಅತ್ತೆ ಖಾತೆಗೆ ಬರುತ್ತದೆ. ಆ ಅತ್ತೆಯೂ ಬಡವಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನೋಡಿ, ತವರು ಒಂದು ಜಿಲ್ಲೆ, ಕಾಗದ, ಅಕ್ಕಿ ಇನ್ನೊಂದು ಜಿಲ್ಲೆ, ಹಸಿದ ಹೊಟ್ಟೆ ಇಲ್ಲಿ, ಹೀಗೆ ಒಬ್ಬಳೇ ಹೆಣ್ಣುಮಗಳು ಮೂರು ಜಿಲ್ಲೆಯಲ್ಲಿ ಹಂಚಿ ಹೋಗಿದ್ದಾಳೆ. ಹೆರಿಗೆ ಹೊತ್ತಲ್ಲಿ ನಮ್ಮ ಹೆಣ್ಣುಮಕ್ಕಳು ತವರಿಗೆ ಹೋಗೋದು, ಮತ್ತೆ ಗಂಡನ ಮನೆಗೆ ಬರೋದು, ದುಡಿಮೆಗೆ ಪ್ಯಾಟಿಗೆ ಬರೋದು ನಿನ್ನೆ ಮೊನ್ನೆಯದಲ್ಲ. ಅವಳು ಎಲ್ಲಿದ್ದಾಳೋ ಊಟ ಅಲ್ಲಿಗೆ ಹೋಗಬೇಕು.

ಇನ್ನು, ಹೆಸರು ಹಚ್ಚಿದರೂ ಮುಗಿಯಲಿಲ್ಲ. ಹೊಟ್ಟೆ ಕೊಯ್ದು ಹೆರಿಗೆ ಆಗಿದೆ. ಹೊಲಿಗೆ ಇನ್ನೂ ಮಾಯ್ದಿಲ್ಲ. ಕೂಸು ಎತ್ತಿಕೊಂಡು ಮಳೆಯಲ್ಲಿ, ಕೆಸರಲ್ಲಿ ದಿನಾ ಅರ್ಧ ಕಿಲೋಮೀಟರ್ ನಡೆದು ಊಟಕ್ಕೆ ಹೋಗು ಅಂತ ಹಸಿ ಮೈ ಬಾಣಂತಿಗೆ ಯಾವ ಬಾಯಿಂದ ಹೇಳೋದು? ನಮ್ಮ ಮನೆ ಮಗಳಿಗೆ ಹೊಸಲು ದಾಟಬೇಡ, ಗಾಳಿಗೆ ಹೋಗಬೇಡ, ಕಿವಿಗೆ ಅರಿವೆ ಕಟ್ಟಿಕೋ ಅಂತೀವಿ. ಮನೆಯಲ್ಲಿ ಮಾಡಿ ಹಾಕುವವರು ಇದ್ದಾಗ ಆ ಮಾತು ನಡೆಯುತ್ತದೆ.

ನೌಕರಿ ಇರುವ ಹೆಣ್ಣುಮಕ್ಕಳಿಗೆ 2017ರಿಂದ 26 ವಾರ ಪಗಾರದ ರಜೆ ಇದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳಿಗೆ, ಇಲ್ಲಿ ಮನೆಮನೆ ಪಾತ್ರೆ ತಿಕ್ಕುವವಳಿಗೆ ಅದು ಎಲ್ಲಿದೆ? ಮಾತೃವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ 5000 ರೂಪಾಯಿ ಬರುತ್ತದೆ, ಎರಡು ಕಂತಲ್ಲಿ. ಆರು ತಿಂಗಳಿಗೆ ಹಂಚಿದರೆ ದಿನಕ್ಕೆ 28 ರೂಪಾಯಿ ಆಗಲಿಲ್ಲ. ಅಂಗಡಿಯವಳು ನಾನು, 28 ರೂಪಾಯಿಗೆ ಏನು ಬರುತ್ತದೆ ಅಂತ ನನಗೆ ಗೊತ್ತು.

ನಮ್ಮ ಊರಲ್ಲಿ ಅನ್ನಕ್ಕೆ ಬರ ಇಲ್ಲ. ಸಿದ್ಧಾರೂಢರ ಮಠಕ್ಕೆ ಹೋದರೆ ಯಾರ ಜಾತಿ ಯಾವುದು ಅಂತ ಕೇಳದೆ ಪ್ರಸಾದ ಬಡಿಸುತ್ತಾರೆ. ರಾಯಾಪುರದ ದೊಡ್ಡ ಅಡುಗೆಮನೆಯಿಂದ ಸಾಲಿ ಮಕ್ಕಳಿಗೆ ಊಟ ಹೋಗುತ್ತದೆ. ಕೊಡುವ ಕೈ ನಮ್ಮ ಕಡೆ ದೊಡ್ಡದು. ಆದರೆ ಪಂಕ್ತಿಗೆ ಬಂದು ಕೂರುವವರಿಗೆ ಅದು ಸಿಗುತ್ತದೆ. ಬಾಣಂತಿ ಪಂಕ್ತಿಗೆ ಬರಲ್ಲ. ಅವಳು ಮುಚ್ಚಿದ ಬಾಗಿಲ ಹಿಂದೆ ಇರುತ್ತಾಳೆ, ಹಸಿದಿದ್ದೀನಿ ಅಂತ ಹೇಳೋಕೂ ನಾಚುತ್ತಾಳೆ.

ಅದಕ್ಕೆ ನಾವು ಓಣಿಯ ಏಳು ಮನೆಯವರು ಸೇರಿ ಬಾಣಂತಿ ಬುತ್ತಿ ಶುರು ಮಾಡಿದ್ದೇವೆ. ಬಯಕೆ ಬುತ್ತಿ ಕಟ್ಟುವ ನಾಡು ನಮ್ಮದು, ಹೊಸದೇನೂ ಕಲಿಯಬೇಕಾಗಿಲ್ಲ. ಒಂದೊಂದು ವಾರ ಒಂದೊಂದು ಮನೆ. ಬಿಸಿ ರೊಟ್ಟಿ, ಬೇಳೆ ಹಾಕಿದ ಸಬ್ಬಸಗಿ ಪಲ್ಯ, ಮೊಸರು, ಒಂದು ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಕಾಳು ಜಾಸ್ತಿ. ವಾರಕ್ಕೊಮ್ಮೆ ಅಳವಿ ಪಾಯಸ. ಡಬ್ಬಿ ಅವಳ ಕೈಗೇ ಕೊಟ್ಟು, ಅವಳು ಉಣ್ಣುವವರೆಗೆ ಕೂಸು ಎತ್ತಿಕೊಂಡು ಕೂರುತ್ತೇವೆ. ಬರೀ ಡಬ್ಬಿ ಇಟ್ಟು ಬಂದರೆ ಅದು ಗಂಡನಿಗೆ, ದೊಡ್ಡ ಮಗುವಿಗೆ ಹೋಗಿ ಕಡೆಗೆ ಅವಳಿಗೆ ತಳದ್ದು ಉಳಿಯುತ್ತದೆ. ಇದನ್ನು ನಾವು ಮೊದಲ ತಿಂಗಳಲ್ಲೇ ಕಣ್ಣಾರೆ ನೋಡಿದ್ದೇವೆ. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಅವರಿಗೂ ಎರಡು ರೊಟ್ಟಿ ಕಟ್ಟುತ್ತೇವೆ.

ಯಾರ ಮನೆಯಲ್ಲಿ ಹೆರಿಗೆ ಆಗಿದೆ ಅಂತ ತಿಳಿಸುವವರು ನಮ್ಮ ಆಶಾ ಕಾರ್ಯಕರ್ತೆ ಅಕ್ಕ. ಆಸ್ಪತ್ರೆಯಲ್ಲಿ ಹೆತ್ತು ಬಂದವರ ಮನೆಗೆ ಅವರು 3, 7, 14, 21, 28, 42ನೇ ದಿನ ಹೋಗಿ ಕೂಸು ನೋಡಲೇಬೇಕು. ಬಾಣಂತಿಯನ್ನು ಮೊದಲು ಕೇಳಿ, ಅವಳು ಹೂಂ ಅಂದರೆ ಮಾತ್ರ ನಮಗೆ ಹೇಳುತ್ತಾರೆ. ಊಟ ಹೊರುವ ಕೆಲಸ ಅವರ ಮೇಲೆ ಹಾಕಬಾರದು. ಅವರ ತಲೆ ಮೇಲೆ ಇರುವ ಭಾರವೇ ಸಾಕು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆಲವರು ಪ್ರೀತಿಯಿಂದಲೇ ಕೂಸಿನ ಹಾಲಿನ ಪುಡಿ ಡಬ್ಬಿ, ಬಾಟಲಿ ತಂದುಕೊಡುತ್ತಾರೆ. ದಯವಿಟ್ಟು ಬೇಡ. 1992ರ ಕಾಯ್ದೆ ಪ್ರಕಾರ ಅನಾಥಾಲಯಕ್ಕೆ ಬಿಟ್ಟು ಬೇರೆ ಯಾರಿಗೂ ಅದನ್ನು ದಾನವಾಗಿ ಹಂಚುವ ಹಾಗಿಲ್ಲ. ಕಂಪನಿಗಳು ಪುಕ್ಕಟೆ ಡಬ್ಬಿ ಹಂಚಿ ತಾಯಿ ಹಾಲು ಬಿಡಿಸುವುದನ್ನು ತಡೆಯೋಕೆ ಬಂದ ಕಾಯ್ದೆ ಅದು. ತಾಯಿ ಕಾಯಿಲೆ ಬಿದ್ದು ಅಥವಾ ಬೇರೆ ಕಾರಣಕ್ಕೆ ಹಾಲೂಡಿಸೋಕೆ ಆಗದವರು ಇದ್ದೇ ಇರುತ್ತಾರೆ. ಅಂಥ ಕೂಸನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ನಾವು ಆಟೋ ಹಿಡಿದು ಜೊತೆಗೆ ಹೋಗುತ್ತೇವೆ. ಏನು ಕುಡಿಸಬೇಕು ಅಂತ ಅವರು ಹೇಳಲಿ.

ಫೋಟೊ ತೆಗೆಯುವುದಿಲ್ಲ. ಕಿಟ್ ಹಿಡಿದು ನಿಲ್ಲಿಸಿದ ಸಾಲಿನಲ್ಲಿ ಒಬ್ಬ ತಾಯಿ ಸೆರಗು ಮುಖಕ್ಕೆ ಎಳೆದುಕೊಂಡದ್ದನ್ನು ಒಮ್ಮೆ ನೋಡಿದ್ದೇನೆ, ಅಷ್ಟು ಸಾಕು.

ಈಗ ಪಟ್ಟಿಯಲ್ಲಿ ನಾಲ್ಕು ಜನ ಬಾಣಂತಿಯರಿದ್ದಾರೆ, ಏಳು ಮನೆಗೆ ಇಷ್ಟು ನಡೆಯುತ್ತದೆ. ಶ್ರಾವಣದ ಹೊತ್ತಿಗೆ ಇನ್ನೂ ಮೂರು ಹೆರಿಗೆ ಇವೆ, ಅದರಲ್ಲಿ ಒಂದು ರೈಲ್ವೆ ಹಳಿ ಆಚೆ. ಆ ಕಡೆ ಇರುವವರು ಯಾರಾದರೂ ವಾರಕ್ಕೆ ಎರಡು ದಿನ ರೊಟ್ಟಿ ಬಡಿಯೋಕೆ ಒಪ್ಪುತ್ತೀರಾ? ದುಡ್ಡು ಕಳಿಸಬೇಡಿ. ಹಿಟ್ಟು, ಬೇಳೆ, ಶೇಂಗಾ ಅಂಗಡಿಯಿಂದ ಕೊಡುತ್ತೇನೆ. ಬಿಸಿ ಆರದ ಸ್ಟೀಲ್ ಡಬ್ಬಿ ಎರಡು ಬೇಕಾಗಿವೆ. ಮನೆಯಲ್ಲಿ ಸುಮ್ನೆ ಬಿದ್ದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ನಾನೇ ಬಂದು ಒಯ್ಯುತ್ತೇನೆ.