ಹಿಟ್ಟನ್ನು ಕೈಗೆ ಕೊಟ್ಟು ಕಲಿಸುವ ಊರಲ್ಲಿ

ಇಟಲಿಯಲ್ಲಿರುವ ನಮ್ಮವರು ಎಷ್ಟೋ ಜನ ಕೇಳುತ್ತಾರೆ, ಪಾಸ್ತಾ ಮಾಡುವುದನ್ನು ದುಡ್ಡು ಕೊಟ್ಟು ಯಾಕೆ ಕಲಿಯಬೇಕು, ಪ್ಯಾಕೆಟ್ ಸಿಗುತ್ತೆ ಅಲ್ವಾ ಅಂತ. ನಾನು ಹೋಗಿ ಅಂತಲೇ ಹೇಳುತ್ತೇನೆ. ಅದರಲ್ಲೂ ಸ್ನೇಹಿತರನ್ನು ಕಟ್ಟಿಕೊಂಡು ಹೋಗಿ, ಆದರೆ ಬೊಲೊನ್ಯಾಗೆ ಹೋಗಿ. ನಾನಿರುವ ಮಿಲಾನಿನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ.

ನಾವು ಗೆಳೆಯರು ಸೇರಿ ಹೋದ ಕ್ಲಾಸಿನಲ್ಲಿ ಭಾಷಣ ಇರಲಿಲ್ಲ. ಒಬ್ಬೊಬ್ಬರ ಮುಂದೆ ಒಂದು ಮರದ ಹಲಗೆ, ತೋಳಿನಷ್ಟು ಉದ್ದದ ಲಟ್ಟಣಿಗೆ, 100 ಗ್ರಾಂ ನುಣ್ಣನೆಯ ಗೋಧಿ ಹಿಟ್ಟು, ಒಂದು ಮೊಟ್ಟೆ. ನೀರಿಲ್ಲ, ಎಣ್ಣೆಯಿಲ್ಲ, ಉಪ್ಪೂ ಇಲ್ಲ. ಹಿಟ್ಟಿನ ನಡುವೆ ಗುಳಿ ಮಾಡಿ, ಮೊಟ್ಟೆ ಒಡೆದು, ಫೋರ್ಕಿನಿಂದ ಕದಡಿ, ಆಮೇಲೆ ಅಂಗೈ ಬುಡದಿಂದ ತಳ್ಳಿ ತಳ್ಳಿ 10 ನಿಮಿಷ ನಾದಬೇಕು. ಅದನ್ನು ಮುಚ್ಚಿ ಅರ್ಧ ಗಂಟೆ ಬಿಡಬೇಕು, ಬಿಡದಿದ್ದರೆ ಲಟ್ಟಿಸಿದಷ್ಟೂ ಹಿಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಕೈಯಲ್ಲಿ ಹಾಳೆ ಲಟ್ಟಿಸುವ ಹೆಂಗಸರನ್ನು ಇಲ್ಲಿ ಸ್ಫೊಲ್ಯೀನಾ ಅನ್ನುತ್ತಾರೆ. ನಮಗೆ ಕಲಿಸಿದ ಸ್ಫೊಲ್ಯೀನಾ ಹತ್ತಿರ ಬಂದು ನಮ್ಮ ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರೇ ಹೊರತು, ಯಾರ ಕೈಯಿಂದಲೂ ಕಿತ್ತುಕೊಂಡು ತಾವೇ ಮಾಡಲಿಲ್ಲ. ನನಗೆ ಬಹಳ ಹಿಡಿಸಿದ್ದು ಇದು. ನಮ್ಮ ಅಡುಗೆಮನೆಗಳಲ್ಲಿ 'ಬಿಡು, ನಾನು ಮಾಡ್ತೀನಿ' ಅನ್ನುವ ಮಾತಿಗೆ ಎಷ್ಟು ಮಕ್ಕಳ ಕಲಿಕೆ ನಿಂತುಹೋಗಿದೆಯೋ!

ಹಾಳೆ ಎಷ್ಟು ತೆಳ್ಳಗಿರಬೇಕು ಅಂದರೆ, ಎತ್ತಿ ಹಿಡಿದಾಗ ಅದರೊಳಗಿಂದ ಊರಾಚೆ ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚು ಕಾಣಬೇಕು ಅಂತ ಬೊಲೊನ್ಯಾದವರ ಮಾತು. ಹಲಗೆ ಮರದ್ದೇ ಯಾಕೆ ಅಂದರೆ, ಮರದ ಒರಟುತನ ಹಾಳೆಗೂ ಬರುತ್ತದೆ, ಆ ಒರಟಿಗೆ ಸಾಸ್ ಅಂಟಿಕೊಳ್ಳುತ್ತದೆ. ನುಣುಪು ಕಲ್ಲಿನ ಮೇಲೆ ಲಟ್ಟಿಸಿದರೆ ಸಾಸ್ ಜಾರಿಹೋಗುತ್ತದೆ. ಹಾಳೆಯನ್ನು ಸಡಿಲವಾಗಿ ಸುತ್ತಿ ಚಾಕುವಿನಿಂದ ಕತ್ತರಿಸಿದರೆ ತಾಲ್ಯತೆಲ್ಲೆ ಅನ್ನುವ ಪಟ್ಟಿ ಪಾಸ್ತಾ. ಅದರ ಅಗಲಕ್ಕೂ ಲೆಕ್ಕವಿದೆ: ಬೆಂದ ಮೇಲೆ 8 ಮಿಲಿಮೀಟರ್. 1972ರಲ್ಲಿ ಇಟಲಿಯ ಪಾಕಶಾಸ್ತ್ರ ಅಕಾಡೆಮಿಯವರು ಈ ಅಳತೆಯನ್ನು ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿದರು. ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗ ಅಂತ ಅದರಲ್ಲಿ ಬರೆದಿದೆ, ಚಿನ್ನದಲ್ಲಿ ಮಾಡಿದ ತಾಲ್ಯತೆಲ್ಲೆಯ ಮಾದರಿಯೂ ಇದೆ.

ಕೆಲವರಿಗೆ ಇದು ಅತಿ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ನಮ್ಮಲ್ಲಿ ಅಳತೆ ಕೇಳಿದರೆ 'ಹದ ನೋಡ್ಕೊಂಡು ಹಾಕು' ಅನ್ನುತ್ತಾರೆ. ಹದ ಇಲ್ಲಿಯವರಿಗೂ ಬೇಕು, ಮೊಟ್ಟೆ ದೊಡ್ಡದೋ ಚಿಕ್ಕದೋ, ಹವೆ ಒಣಗಿದೆಯೋ ಅನ್ನುವುದರ ಮೇಲೆ ಹಿಟ್ಟು ಬೇರೆಯಾಗುತ್ತದೆ. ಆದರೆ ಇವರು ಮೊದಲು ಅಳತೆ ಕೊಡುತ್ತಾರೆ, ಹದ ಆಮೇಲೆ ಕೈಗೆ ತಾನಾಗಿ ಹತ್ತುತ್ತದೆ. ಹದ ಒಂದನ್ನೇ ಹೇಳಿದರೆ ಅಜ್ಜಿಯ ಪಕ್ಕದಲ್ಲಿ ಕೂತು ಬೆಳೆದವರು ಮಾತ್ರ ಕಲಿಯುತ್ತಾರೆ. ಬೇರೆ ಊರಿನವರು, ಸೊಸೆಯಾಗಿ ಬಂದವರು, ಗಂಡುಮಕ್ಕಳು ಎಲ್ಲರೂ ಹೊರಗೇ ಉಳಿಯುತ್ತಾರೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಕೈಯಲ್ಲಿ ಮಾಡುವ ಪಾಸ್ತಾ ನಮಗೇನೂ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಸೇರಿ ಶ್ಯಾವಿಗೆ ಮಾಡುತ್ತಿದ್ದರು, ಕಣಕವನ್ನು ಎಳೆದೆಳೆದು ಕೋಲಿನ ಮೇಲೆ ಒಣಹಾಕುತ್ತಿದ್ದರು. ಚಿಟಿಕೆ ಕಣಕವನ್ನು ಬೆರಳಲ್ಲಿ ಹೊಸೆದು ಸೌತೆಬೀಜ ಮಾಡುತ್ತಿದ್ದರು, ಇಲ್ಲಿನ ಸೂಪಿಗೆ ಹಾಕುವ ಅಕ್ಕಿಕಾಳಿನ ಆಕಾರದ ಪಾಸ್ತಾಕ್ಕೂ ಅದಕ್ಕೂ ಎಷ್ಟು ಹೋಲಿಕೆ! ಗೋಧಿಯೂ ದೂರದ್ದಲ್ಲ. ಇಟಲಿಯಲ್ಲಿ ಒಣ ಪಾಸ್ತಾವನ್ನು ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು ಅಂತ 1967ರಿಂದ ಕಾನೂನೇ ಇದೆ. ಅದೇ ಜಾತಿಯ ಗೋಧಿಯನ್ನು ನಮ್ಮ ವಿಜಯಪುರ, ಧಾರವಾಡದ ಕಡೆ ಮೊದಲಿನಿಂದ ಬೆಳೆಯುತ್ತಾರೆ. ಅಂಗಡಿಯಲ್ಲಿ ಬನ್ಸಿ ರವೆ ಅಂತ ಸಿಗುವುದು ಅದೇ.

ಗೋಧಿ ಇತ್ತು, ಕೈ ಇತ್ತು, ಜೊತೆಗೆ ಕೂತು ಮಾಡುವ ರೂಢಿಯೂ ಇತ್ತು. ಒಟ್ಟಿಗೆ ಮಾಡುವ ವಿಷಯದಲ್ಲಿ ನಮ್ಮ ರೀತಿಯೇ ಮೇಲು ಅಂತ ನನಗೆ ಈಗಲೂ ಅನಿಸುತ್ತದೆ. ಅಲ್ಲಿ ಯಾರೂ ಟಿಕೆಟ್ ತೆಗೆದುಕೊಳ್ಳಬೇಕಿರಲಿಲ್ಲ, ಇವತ್ತು ಇವರ ಮನೆಯದು, ನಾಳೆ ಅವರ ಮನೆಯದು. ಆದರೆ ಗಂಡುಹುಡುಗರಾದ ನಮಗೆ ಸಿಗುತ್ತಿದ್ದ ಕೆಲಸ ಮಾಳಿಗೆಯ ಮೇಲೆ ಕಾಗೆ ಓಡಿಸುವುದು ಮಾತ್ರ. ಓಣಿಯ ಹೆಂಗಸರಿಗೆ ವಯಸ್ಸಾಯಿತು, ಪ್ಯಾಕೆಟ್ ಶ್ಯಾವಿಗೆ ಬಂತು, ನಮ್ಮಂಥವರಿಗೆ ಹೇಳಿಕೊಡಲು ಯಾರಿಗೂ ತೋಚಲಿಲ್ಲ. ಬೊಲೊನ್ಯಾದಲ್ಲೂ ಇದು ಹೆಂಗಸರ ಕೆಲಸವೇ ಆಗಿತ್ತು. ಈಗ ನಮ್ಮ ಗುಂಪಿನಲ್ಲಿದ್ದ ಗಂಡಸರೂ ಹೆಂಗಸರೂ ಒಂದೇ ಮೇಜಿನಲ್ಲಿ ಲಟ್ಟಿಸಿದೆವು, ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ.

ಹೋಗುವವರಿಗೆ ಎರಡು ಮಾತು. ಮಾಂಸ ತಿನ್ನದವರು ಮೊದಲೇ ಹೇಳಿಬಿಡಿ. ಹೂರಣ ತುಂಬಿ ಮಡಚುವ ಸಣ್ಣ ಪಾಸ್ತಾ ತೊರ್ತೆಲ್ಲೀನಿ, ಅದರ ಹೂರಣದಲ್ಲಿ ಹಂದಿಮಾಂಸ ಇರುತ್ತದೆ. ರಿಕೊತ್ತಾ ಅನ್ನುವ ಮೆತ್ತನೆಯ ಚೀಸ್ ತುಂಬಿದ, ಅದಕ್ಕಿಂತ ದೊಡ್ಡ ತೊರ್ತೆಲ್ಲೋನಿ ಮಾಡಿ ಬೆಣ್ಣೆ, ಸೇಜ್ ಎಲೆಯಲ್ಲಿ ಹೊರಳಿಸಿ ತಿನ್ನಬಹುದು, ಬಹಳ ರುಚಿ. ಆದರೆ ಆ ಹೂರಣಕ್ಕೆ ಸಾಮಾನ್ಯವಾಗಿ ತುರಿದು ಹಾಕುವ ಪಾರ್ಮಿಜಾನೋ ರೆಜ್ಜಾನೋ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇದು ಗೊತ್ತಿರಬೇಕು. ಇನ್ನೊಂದು, ಬೇಯಿಸಿದ ನೀರನ್ನು ಚೆಲ್ಲಬೇಡಿ, ಪಾಸ್ತಾವನ್ನು ತಣ್ಣೀರಲ್ಲಿ ತೊಳೆಯಲೂಬೇಡಿ. ಆ ನೀರಿನ ಗಂಜಿಯೇ ಸಾಸನ್ನು ಹಿಡಿದಿಡುವುದು. ಬೇಳೆಯ ಕಟ್ಟಿನಿಂದ ಸಾರು ಮಾಡುವ ನಮಗೆ ಇದನ್ನು ಜಾಸ್ತಿ ಹೇಳಬೇಕಾಗಿಲ್ಲ.

ನನ್ನ ಆಸೆ ಏನೆಂದರೆ, ಧಾರವಾಡದಲ್ಲೋ ಗದಗದಲ್ಲೋ ಶ್ಯಾವಿಗೆಗೂ ಇಂಥ ಕ್ಲಾಸು ಬರಬೇಕು. ವೇದಿಕೆ, ಮೈಕು, ಪ್ರದರ್ಶನ ಬೇಡ. ಆರೇಳು ಜನ, ಒಬ್ಬೊಬ್ಬರಿಗೂ ಒಂದು ಮಣೆ, ಅಳೆದ ರವೆ, ಮಾಡಿದ್ದನ್ನು ಹಾಲು ಬೆಲ್ಲ ಹಾಕಿಕೊಂಡು ಅಲ್ಲೇ ತಿನ್ನುವುದು. ಕಲಿಸುವ ತಾಯಂದಿರಿಗೆ ಸರಿಯಾದ ಸಂಬಳ ಕೊಡಬೇಕು, ಶಾಲು ಹಾರ ಹಾಕಿ ಕೈಮುಗಿದು ಕಳಿಸುವುದಲ್ಲ.