ಗೋದಲಿಗೆ ಬಂದ ಚಗಳಿ

ಕೊಡಗಿನಲ್ಲಿ ಕ್ರಿಸ್ಮಸ್ ಬರುವುದು ಅರೇಬಿಕಾ ಕಾಫಿ ಕೊಯ್ಲಿನ ನಟ್ಟನಡುವೆ. ಹಗಲೆಲ್ಲ ಹಣ್ಣು ಕೊಯ್ದು, ಸಂಜೆ ಪಲ್ಪಿಂಗ್ ಮುಗಿಸಿ, ಸಿಪ್ಪೆಯ ಹುಳಿವಾಸನೆ ಮೈಬಿಡುವ ಮೊದಲೇ ನಡುರಾತ್ರಿಯ ಬಲಿಪೂಜೆಗೆ ಹೊರಡಬೇಕು. ನಮ್ಮ ಸಿದ್ದಾಪುರದ ಕಡೆ ಆನೆಯ ಭಯಕ್ಕೆ ಯಾರೂ ನಡೆದು ಬರುತ್ತಿರಲಿಲ್ಲ. ಒಂದೇ ಜೀಪಿನಲ್ಲಿ ಇಡೀ ಲೈನಿನ, ಅಂದರೆ ತೋಟದ ಸಾಲುಮನೆಗಳ ಜನ, ಕಂಬಳಿ, ಮಫ್ಲರ್, ಮಂಕಿ ಟೋಪಿ ಸಮೇತ. ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲಿನಿಂದ ಏನೂ ತಿನ್ನುವಂತಿಲ್ಲವಾದ್ದರಿಂದ ಅಮ್ಮ ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರಿನ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗದಕೈಯನ್ನು ಜಪಮಾಲೆಯ ಜೊತೆಗೇ ಹಿಡಿದುಕೊಂಡಿರುತ್ತಿದ್ದಳು.

ಮುಂದಿನ ಬೆಂಚು ಅಜ್ಜಿಯದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಚರಿತ್ರೆ 1792ರಿಂದ ಶುರುವಾಗುತ್ತದೆ. ಇಷ್ಟು ದೊಡ್ಡ ಇತಿಹಾಸವನ್ನು ಅಜ್ಜಿ ಬಳಸುತ್ತಿದ್ದುದು ಬೆಂಚು ಹಿಡಿಯಲು ಮಾತ್ರ. "ನಾವು ರಾಜರ ಕಾಲದಲ್ಲಿ ಬಂದವರು" ಎಂದರೆ ಸಾಕು, ತೋಟದ ಕೆಲಸಕ್ಕೆಂದು ಈಚೆಗೆ ಬಂದ ಬಡಪಾಯಿಗಳು ತೆಪ್ಪಗೆ ಸರಿದು ಕೂರುತ್ತಿದ್ದರು. ಕನ್ನಡ, ಕೊಂಕಣಿ, ಮಲಯಾಳ, ತಮಿಳು ಹಾಡುಗಳಲ್ಲಿ ಯಾವುದು ಮೊದಲು ಎಂಬ ಜಗಳ ಬೇರೆ ಇತ್ತು. ಅದನ್ನು ಬರೆಯಹೊರಟರೆ ಈಸ್ಟರ್ ಬಂದೀತು.

ನಾನು ಪೂಜೆಯಲ್ಲಿ ಗುರುಗಳಿಗೆ ನೆರವಾಗಿ ಗಂಟೆ ಬಾರಿಸುವ ಪೀಠ ಬಾಲಕನಾಗಿದ್ದ ವರ್ಷ ಯುವಕರು ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯನ್ನು ಹಿಂದೆಂದೂ ಇಲ್ಲದಷ್ಟು ಭರ್ಜರಿಯಾಗಿ ಕಟ್ಟಿದ್ದರು. ಬಂಡೆಯ ಮೇಲಿನ ಪಾಚಿಯನ್ನು ಹಾಳೆಹಾಳೆಯಾಗಿ ಎಬ್ಬಿಸಿ ತಂದು ಹಾಸಿ, ತೋಟದ ನೆರಳು ಮರದಿಂದ ಕಡಿದ ಹಸಿರು ಕೊಂಬೆಯನ್ನು ಕೊಟ್ಟಿಗೆಯ ಮೇಲೆ ಬಾಗಿಸಿ, ಅದರ ತುಂಬ ಬಣ್ಣದ ಬಲ್ಬು ಸುತ್ತಿದ್ದರು. ಕೊಂಬೆಯ ತುದಿಯಲ್ಲಿ ಕೆಲವು ಎಲೆಗಳು ಒಂದಕ್ಕೊಂದು ಹೊಲಿದುಕೊಂಡು ಚೆಂಡಿನಂತಿದ್ದವು. ಕಾಫಿ ಕೊಯ್ಯುವ ಯಾರನ್ನೇ ಕೇಳಿದ್ದರೂ ಅದು ಚಗಳಿ ಗೂಡೆಂದು ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.

ಡಿಸೆಂಬರಿನ ಚಳಿಗೆ ಮುದುಡಿದ್ದ ಚಗಳಿಗೆ ಬಲ್ಬಿನ ಶಾಖದಿಂದ ಬೆಳಗಾಯಿತು. ಮೊದಲು ಒಂದು ಕೆಂಪಿರುವೆ ಕತ್ತೆಯ ಕಿವಿ ಹತ್ತಿ ಸುತ್ತಲೂ ನೋಡಿತು. ಹಿಂದೆಯೇ ಅದರ ಬಳಗ ಸಂತ ಜೋಸೆಫರ ಊರುಗೋಲು ಹಿಡಿದು ಇಳಿಯಿತು. "ಮಹೋನ್ನತದಲ್ಲಿ ದೇವರಿಗೆ ಮಹಿಮೆ" ಶುರುವಾಗುವಷ್ಟರಲ್ಲಿ ಪಡೆ ನಮ್ಮ ನಿಲುವಂಗಿಯೊಳಗಿತ್ತು.

ಆ ಹಾಡು ಮುಗಿಯುವವರೆಗೆ ಗಂಟೆ ನಿಲ್ಲಿಸಬಾರದೆಂದು ನಮಗೆ ಧರ್ಮಪಾಠ ಹೇಳುವ ಉಪದೇಶಿಯವರ ಕಟ್ಟಪ್ಪಣೆ. ಚಗಳಿ ಬರಿದೇ ಕಚ್ಚುವುದಿಲ್ಲ, ಕಚ್ಚಿದ ಗಾಯಕ್ಕೆ ಆಮ್ಲವನ್ನೂ ಚಿಮ್ಮಿಸುತ್ತದೆ. ಒಂದೊಂದು ಕಡಿತಕ್ಕೂ ನನ್ನ ಗಂಟೆ ವೇಗವಾಯಿತು. ಹಾರ್ಮೋನಿಯಂ ಅದನ್ನು ಹಿಂಬಾಲಿಸಿತು, ಗಾಯಕರು ಹಾರ್ಮೋನಿಯಂ ಹಿಂದೆ ಏದುಸಿರು ಬಿಡುತ್ತ ಓಡಿದರು. ಅಷ್ಟು ಚುರುಕಾದ ಮಹಿಮಾಗೀತೆಯನ್ನು ನಾನು ಮತ್ತೆ ಕೇಳಿಲ್ಲ. ಬಾಲಯೇಸುವನ್ನು ಮಲಗಿಸಲು ಬಗ್ಗಿದ ಗುರುಗಳ ತೋಳಿಗೂ ಚಗಳಿ ಹತ್ತಿತು. ಕೂಸನ್ನು ಬಿಡುವಂತಿಲ್ಲ, ಕೈಯನ್ನು ಕೊಡವುವಂತಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನಿಂತೇ ಇದ್ದರು. "ಎಂಥ ಭಕ್ತಿ ನೋಡು" ಎಂದು ಅಜ್ಜಿ ತಾನೂ ಕಣ್ಣೊರೆಸಿಕೊಂಡಳಂತೆ.

ಇದೆಲ್ಲ ಆಗುವಾಗ ಅಪ್ಪ ನಿದ್ದೆಯಲ್ಲಿದ್ದ. ಔಗುಸ್ತ ಚಕ್ರವರ್ತಿ ಜನಗಣತಿಗೆ ಆಜ್ಞೆ ಹೊರಡಿಸಿದ ಶುಭಸಂದೇಶಕ್ಕೆ ಮಾತ್ರ ಅವನಿಗೆ ತಪ್ಪದೆ ಎಚ್ಚರವಾಗುತ್ತಿತ್ತು. ತೋಟದ ರೈಟರ್ ಅಲ್ಲವೇ, ದಿನವೂ ಆಳುಗಳ ಹಾಜರಿಯ ಮಸ್ಟರ್ ಬರೆಯುವವನು. ಎಲ್ಲರೂ ತಮ್ಮ ತಮ್ಮ ಊರಿಗೆ ಹೋಗಿ ಹೆಸರು ಬರೆಸಬೇಕೆಂಬಲ್ಲಿ ಮೆಚ್ಚಿ ತಲೆಯಾಡಿಸುತ್ತಿದ್ದ. ಛತ್ರದಲ್ಲಿ ಜಾಗ ಸಿಗದ ಮರಿಯಮ್ಮನ ಪಾಡು ಅವನ ಕಿವಿಗೆ ಬೀಳುತ್ತಿತ್ತೋ ಇಲ್ಲವೋ, ಚಕ್ರವರ್ತಿಯ ಶಿಸ್ತು ಮಾತ್ರ ಬಹಳ ಹಿಡಿಸಿತ್ತು.

ಬೆಳಗಿನ ಪೂಜೆಗೆ ಮೊದಲು ಉಪದೇಶಿಯವರು ಕೊಂಬೆಯನ್ನು ಅಂಗಳಕ್ಕೆ ಎಸೆದರು. ಲೈನಿನ ಹೆಂಗಸರಿಬ್ಬರು ಗೂಡನ್ನು ಜೋಪಾನವಾಗಿ ಮುರಿದು ಚೀಲಕ್ಕೆ ಇಳಿಸಿಕೊಂಡರು. ಉಪ್ಪು, ಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದ ಚಗಳಿ ಚಟ್ನಿಯ ಒಂದು ಬಟ್ಟಲು ಗುರುಗಳ ಮನೆಗೂ ಹೋಯಿತು. ಊದಿದ ಕೈಯಲ್ಲೇ ಅವರು ಎರಡನೆಯ ಸಲವೂ ಬಡಿಸಿಕೊಂಡರೆಂದು ಅಡುಗೆಯವನು ಊರಿಗೆಲ್ಲ ಹೇಳಿದ.