ವಾರಂಟ್ ಇತ್ತಾ ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ

ಬೆಳಗಿನಿಂದ ಒಂದೇ ವಿಡಿಯೊ ಎಲ್ಲಾ ಗ್ರೂಪಲ್ಲೂ ಓಡಾಡ್ತಿದೆ. "ವಾರಂಟ್ ಇಲ್ಲದೆ ಪೊಲೀಸರು ಹೊಸ್ತಿಲು ದಾಟೋ ಹಾಗಿಲ್ಲ, ಬಾಗಿಲು ಹಾಕ್ಕೊಳ್ಳಿ" ಅಂತ. ಇದನ್ನ ನಂಬಿ ಅಡ್ಡ ನಿಂತವರ ಮೇಲೆ ಕರ್ತವ್ಯಕ್ಕೆ ಅಡ್ಡಿ ಅಂತ ಇನ್ನೊಂದು ಕೇಸು ಬೀಳುತ್ತೆ. ಅವರ ಅಸಲಿ ದೂರು ಕೇಳೋರೇ ಇರಲ್ಲ. ಸಿಟ್ಟು ಬರದೆ ಇರುತ್ತಾ?

ವಾರಂಟ್ ಇಲ್ಲದೆ ಬರೋಕೆ ಕಾನೂನಲ್ಲೇ ದಾರಿ ಇದೆ. ಬಂಧಿಸಬೇಕಾದ ವ್ಯಕ್ತಿ ಒಳಗಿದ್ದಾನೆ ಅಂತ ನಂಬೋಕೆ ಕಾರಣ ಇದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಈಗಿನ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು) 44ನೇ ಕಲಂ. ತನಿಖೆಗೆ ಬೇಕಾದ ವಸ್ತು ಇದೆ, ತಡ ಮಾಡಿದರೆ ಸಿಗಲ್ಲ ಅನ್ನೋದಾದರೆ 185ನೇ ಕಲಂ, ಹಿಂದಿನ ಸಿಆರ್‌ಪಿಸಿ 165. ಆದರೆ ಈ 185 ಸುಮ್ಮನೆ ಕೊಟ್ಟ ಅಧಿಕಾರ ಅಲ್ಲ. ಯಾಕೆ ನಂಬಿದೆ, ಏನು ಹುಡುಕ್ತೀನಿ ಅಂತ ಅಧಿಕಾರಿ ಕೇಸ್ ಡೈರಿಯಲ್ಲಿ ಬರೀಬೇಕು. ತಾನು ಹೋಗದೆ ಕೈಕೆಳಗಿನವರನ್ನ ಕಳಿಸಿದರೆ ಲಿಖಿತ ಆದೇಶ ಕೊಡಬೇಕು. ಶೋಧ ವಿಡಿಯೊ ಆಗಬೇಕು. ಕಾರಣ ಬರೆದ ಆ ದಾಖಲೆಯ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು.

ಜನ ಕೇಳದೇ ಇರೋದು ಇದನ್ನೇ! ಮನೆಯವರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟ್ ಆ ಪ್ರತಿಯನ್ನ ಉಚಿತವಾಗಿ ಕೊಡಬೇಕು ಅಂತ ಕಲಮಿನಲ್ಲೇ ಇದೆ. ದಾಖಲೆ ಬಂದಿಲ್ಲ ಅಂತಾದರೆ ಅದೇ ನಿಮ್ಮ ಮೊದಲ ಸಾಕ್ಷಿ. ತಡವಾಗಿ ಬಂದಿದ್ದರೆ ನ್ಯಾಯಾಲಯಕ್ಕೆ ತಲುಪಿದ ದಿನಾಂಕ ಅದರ ಮೇಲೇ ಇರುತ್ತೆ. ಫೇಸ್‌ಬುಕ್ಕಲ್ಲಿ ಲೈವ್ ಮಾಡೋ ಬದಲು ಈ ಒಂದು ಅರ್ಜಿ ಬರೀರಿ.

ಮಹಜರು ನಡೆಯುವಾಗ ಜೊತೆಗೇ ಇರಿ, ಅದು 103ನೇ ಕಲಂ ಕೊಟ್ಟ ಹಕ್ಕು. ಪಂಚರು, ಅಂದರೆ ಸ್ವತಂತ್ರ ಸಾಕ್ಷಿಗಳು, ಇಬ್ಬರಾದರೂ ಇರಬೇಕು, ಅದೇ ಬಡಾವಣೆಯವರಾದರೆ ಒಳ್ಳೇದು. ಜಪ್ತಿ ಪಟ್ಟಿಯ ಪ್ರತಿ ಅಲ್ಲೇ ಕೇಳಿ ತಗೊಳ್ಳಿ. "ಒಂದು ಮೊಬೈಲ್" ಅಂತ ಬರೆದರೆ ಸಾಲದು, ಆ ಫೋನಿನ ಗುರುತಿನ ಸಂಖ್ಯೆ, ಅಂದರೆ ಐಎಂಇಐ ನಂಬರ್ ಬರೆಸಿ. ಸಹಿ ಹಾಕಿ ಅಂದರೆ ಪಟ್ಟಿಯ ಕೆಳಗೆ ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದು, ದಿನಾಂಕ, ಗಂಟೆ ಬರೆದೇ ಹಾಕಿ. ಖಾಲಿ ಹಾಳೆಗೆ ಮಾತ್ರ ಯಾರು ಏನೇ ಹೇಳಲಿ, ಹಾಕಬೇಡಿ.

"ಪೊಲೀಸರನ್ನ ಎದುರು ಹಾಕ್ಕೊಂಡು ಬದುಕೋಕಾಗುತ್ತಾ?" ಅಂತ ಕೇಳ್ತಾರೆ. ಭಯ ಸುಳ್ಳಲ್ಲ, ಒಪ್ತೀನಿ. ಆದರೆ ಪ್ರತಿ ಕೇಳೋ ಅರ್ಜಿ ಹೋಗೋದು ಠಾಣೆಗಲ್ಲ, ನ್ಯಾಯಾಲಯಕ್ಕೆ. ಅದರಲ್ಲಿ ಯಾರ ಮೇಲೂ ಆರೋಪ ಇರಲ್ಲ. ಸುಮ್ಮನಿದ್ದವರ ಮನೆಗೆ ಎರಡನೇ ಸಲ ಬರೋದು ಇನ್ನೂ ಸುಲಭ.

ಅಕ್ರಮ ಶೋಧದ ದೂರಿಗೆ ಬನ್ನಿ. ಠಾಣೆಯಲ್ಲಿ ಕೊಟ್ಟರೆ ಹಿಂಬರಹ (ಲಿಖಿತ ಸ್ವೀಕೃತಿ) ತಗೊಳ್ಳಿ. ತಗೊಳ್ಳಲ್ಲ ಅಂದರೆ ಬಿಎನ್‌ಎಸ್‌ಎಸ್ 173(4)ರಡಿ ಜಿಲ್ಲಾ ಎಸ್‌ಪಿಗೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ. ಆಮೇಲೆ 175(3)ರಡಿ ಪ್ರಮಾಣಪತ್ರದ ಜೊತೆ ಮ್ಯಾಜಿಸ್ಟ್ರೇಟ್ ಮುಂದೆ. ಎಸ್‌ಪಿ ಹಂತ ಬಿಟ್ಟು ನೇರ ಹೋದ ಅರ್ಜಿಗಳು ಅಲ್ಲೇ ಬಿದ್ದುಹೋಗ್ತವೆ. ಕಾನೂನು ಮೀರಿ ಹಾನಿ ಮಾಡಿದ ಸರ್ಕಾರಿ ನೌಕರನ ಮೇಲೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಅಪರಾಧ-ಶಿಕ್ಷೆಯ ಕಾನೂನು) 198 ಇದೆ, ಆದರೆ ಅದು ಅಸಂಜ್ಞೇಯ, ಅಂದರೆ ಪೊಲೀಸರು ತಾವಾಗೇ ಕೇಸು ಹಾಕಿ ತನಿಖೆ ಮಾಡೋ ಹಾಗಿಲ್ಲ; ನೀವೇ ಮ್ಯಾಜಿಸ್ಟ್ರೇಟ್ ಮುಂದೆ ಕೊಡೋ ಖಾಸಗಿ ದೂರೇ ದಾರಿ. ಶಿಕ್ಷೆ ಗರಿಷ್ಠ 1 ವರ್ಷ, ಹಾಗಾಗಿ ದೂರಿಗೂ 1 ವರ್ಷದ ಗಡುವು. ಸರ್ಕಾರಿ ನೌಕರನ ಮೇಲೆ ಕೇಸು ನಡೆಸೋಕೆ ಬೇಕಾದ ಸರ್ಕಾರದ ಪೂರ್ವಾನುಮತಿಯ ಗೋಡೆ ನಿಜಕ್ಕೂ ದೊಡ್ಡದು: ಅಧಿಕಾರ ಮೀರಿದ ಕೃತ್ಯವೂ ಕರ್ತವ್ಯಕ್ಕೆ ಸಂಬಂಧಿಸಿದ್ದರೆ ಅನುಮತಿ ಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕದ್ದೇ ದೇವರಾಜ ಪ್ರಕರಣದಲ್ಲಿ. ಈಗ ಸರ್ಕಾರ 120 ದಿನದಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ.

ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯಾದ 1 ವರ್ಷದೊಳಗೆ ಹೋಗಿ. ಹೈಕೋರ್ಟಲ್ಲಿ 226ನೇ ವಿಧಿಯ ರಿಟ್‌ನಲ್ಲೇ ಪರಿಹಾರ ಕೇಳಬಹುದು, ಸುಪ್ರೀಂ ಕೋರ್ಟಿನ ನೀಲಾಬತಿ ಬೆಹೆರಾ ತೀರ್ಪು (1993) ಅದಕ್ಕೆ ಆಧಾರ.

ಇನ್ನೊಂದು ಕಹಿ ಮಾತು. ಶೋಧ ಅಕ್ರಮ ಅಂತ ಸಾಬೀತಾದರೆ ಕೇಸೇ ಬಿತ್ತು ಅಂದ್ಕೋಬೇಡಿ. ಅಕ್ರಮ ಶೋಧದಲ್ಲಿ ಸಿಕ್ಕಿದ್ದೂ ಸಾಕ್ಷ್ಯವಾಗಬಹುದು ಅಂತ ಸುಪ್ರೀಂ ಕೋರ್ಟಿನ 1974ರ ಪೂರನ್ ಮಲ್ ತೀರ್ಪಿನಿಂದ ನಡೆದುಬಂದಿದೆ. ನಿಮ್ಮ ಮೇಲಿನ ಕೇಸಿನ ಹೋರಾಟ ಬೇರೆ, ಈ ದೂರು ಬೇರೆ. ಎರಡಕ್ಕೂ ಆ 48 ಗಂಟೆಯ ದಾಖಲೆ ಬೇಕು. ಎದುರು ಮನೆಯ ಸಿಸಿಟಿವಿ ದೃಶ್ಯವೂ ಬೇಕು, ಅದು ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತೆ. ಇವತ್ತೇ ಕೇಳಿ.